ನೂರು ಎಂಬಿಯ ಹೆಪ್ಪು

ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿ ನಮ್ಮ ಕಾಕಾ ಅವರ ಸಣ್ಣದೊಂದು ಪ್ರೆಸ್ಸಿದೆ. ಮೊಳೆ ಜೋಡಿಸುವ ಕಾಲದಿಂದ ನಡೆದುಬಂದದ್ದು. ಈಗ ಒಂದು ಆಫ್‌ಸೆಟ್ ಯಂತ್ರ, ಒಂದು ಕಂಪ್ಯೂಟರು, ಕೆಲಸಕ್ಕೆ ಇಬ್ಬರು ಹುಡುಗರು. ಲಗ್ನದ ಹಂಗಾಮು ಬಂತೆಂದರೆ ಆ ಕಂಪ್ಯೂಟರಿಗೆ ಬೆಳಗಿನಿಂದ ರಾತ್ರಿ ಹನ್ನೊಂದರವರೆಗೆ ಪುರಸೊತ್ತಿಲ್ಲ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಅದರ ಹಾರ್ಡ್ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಒಂದು ಫೈಲು ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು, ಅಷ್ಟು ನಿಧಾನ. ಕಾಕಾ ನನಗೆ ಫೋನ್ ಮಾಡಿದರು. ನಾನು ಹೊಸ ಎಸ್‌ಎಸ್‌ಡಿ ತೆಗೆದುಕೊಂಡು ಹೋಗಿ, ಒಂದು ಮಧ್ಯಾಹ್ನವೆಲ್ಲ ಕೂತು, ಹಳೆಯ ಡಿಸ್ಕಿನಲ್ಲಿದ್ದದ್ದನ್ನು ಹೊಸದಕ್ಕೆ ಇಳಿಸಿದೆ. ಮತ್ತೆ ಚಾಲೂ ಮಾಡಿದಾಗ ಅದೇ ಪರದೆ, ಅದೇ ಗಣಪತಿಯ ಚಿತ್ರ, ಅವೇ ಫೈಲುಗಳು. ಸಂಜೆ ಹುಡುಗರು ಎರಡು ಲಗ್ನಪತ್ರಿಕೆ ಮುಗಿಸಿದರು. ಅಂಗಡಿ ಮುಚ್ಚುವ ಮುಂಚೆ ಹಳೆಯ ಡಿಸ್ಕನ್ನು ಬಿಚ್ಚಿ ಕಾಕಾ ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಾಗದದಲ್ಲಿ ಸುತ್ತಿ ಅಲ್ಮೇರಾದಲ್ಲಿಟ್ಟರು.

ಮರುದಿನ ಬೆಳಿಗ್ಗೆ ಫೋನ್ ಬಂತು. "ತಮ್ಮಾ, ಎಲ್ಲಾ ಕಾಪಿ ಆಗೇತಿ ಅಂದಿದ್ದೆಲ್ಲಾ. ಮತ್ತ ಇದು ಚಾಲೂನ ಆಗವಲ್ದು. ಕರೀ ಪರದೆ ಮ್ಯಾಲ ಇಂಗ್ಲಿಷಿನಾಗ ಏನೋ ಒಂದ ಸಾಲ ಬರಾಕತ್ತೇತಿ."

ಬೂಟ್ ಮಾಡಲು ಬೇಕಾದ ಸಾಧನ ಸಿಗಲಿಲ್ಲ ಎಂಬುದೇ ಆ ಸಾಲಿನ ಅರ್ಥ. ಡಿಸ್ಕಿನಲ್ಲಿ ಇಪ್ಪತ್ತು ವರ್ಷದ ಪತ್ರಿಕೆಗಳ ನಮೂನೆಗಳಿದ್ದವು, ಅಕ್ಷರಗಳಿದ್ದವು, ಪೂರ್ತಿ ವಿಂಡೋಸ್ ಇತ್ತು. ಇಲ್ಲದೆ ಹೋದದ್ದು 100 ಎಂಬಿಯ ಒಂದು ತುಂಡು. ಒಂದೆರಡು ನಿಮಿಷದ ವಿಡಿಯೊಗೂ ಸಾಲದಷ್ಟು ಸಣ್ಣ ಜಾಗ. ಇವತ್ತಿನ ನನ್ನ ಮಾತು ಆ ತುಂಡಿನ ಬಗ್ಗೆ.

ನಿಮ್ಮಲ್ಲಿ ಕೆಲವರು ಕೇಳಬಹುದು, ಇಷ್ಟೆಲ್ಲ ಯಾಕೆ, ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿದರೆ ಮುಗಿಯಿತಲ್ಲ ಎಂದು. ರಿಪೇರಿ ಅಂಗಡಿಗಳಲ್ಲಿ ನಾವು ಮೊದಲು ಕೇಳುವ ಮಾತೂ ಅದೇ: ಫಾರ್ಮ್ಯಾಟ್ ಹೊಡೆಯಬೇಕು. ಆದರೆ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರು ಏನನ್ನು ಹೊತ್ತುಕೊಂಡಿರುತ್ತದೆ ನೋಡಿ. ಪೇಜ್‌ಮೇಕರ್ ಇರುತ್ತದೆ, ಅದರ 7ನೆಯ ಆವೃತ್ತಿ 2001ರಲ್ಲಿ ಬಂತು, ಅದೇ ಕೊನೆಯದು. ನುಡಿ, ಶ್ರೀಲಿಪಿ, ಬರಹ, ಪ್ರತಿಯೊಂದರ ಅಕ್ಷರಗಳೂ ಬೇರೆ ಬೇರೆ. ಯೂನಿಕೋಡ್ ಬರುವ ಮುಂಚೆ ಟೈಪು ಮಾಡಿದ ಫೈಲನ್ನು ಅದರದೇ ಅಕ್ಷರವಿಲ್ಲದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹಳೆಯ ಸಿ.ಡಿ. ಎಲ್ಲಿ ಹೋಯಿತೋ ಗೊತ್ತಿಲ್ಲ. ಪ್ಲೇಟ್ ತೆಗೆಯುವ ಪ್ರಿಂಟರಿಗೆ ಹೊಂದಿಸಿದ ಅಳತೆಗಳು ಯಾರ ಪುಸ್ತಕದಲ್ಲೂ ಬರೆದಿಲ್ಲ. ಹುಡುಗರು ವರ್ಷಗಟ್ಟಲೆ ಕೂತು ತಿದ್ದಿ ತಿದ್ದಿ ಹೊಂದಿಸಿಕೊಂಡ ಜಾಗ ಅದು. ಅಂಥದ್ದನ್ನು ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ ಎನ್ನುವುದು ನನಗೆ ಸೇವೆಯಾಗಿ ಕಾಣುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಎತ್ತಿಡುವುದಕ್ಕೆ ಕ್ಲೋನ್ ಮಾಡುವುದು ಅನ್ನುತ್ತಾರೆ. ಆ ಕೆಲಸವನ್ನು ಪೂರ್ತಿ ಮಾಡಬೇಕಾದರೆ ಕಂಪ್ಯೂಟರು ಹೇಗೆ ಎದ್ದೇಳುತ್ತದೆ ಎಂಬುದು ಗೊತ್ತಿರಬೇಕು.

ಗುಂಡಿ ಒತ್ತಿದ ಗಳಿಗೆಯಲ್ಲಿ ಕಂಪ್ಯೂಟರಿಗೆ ವಿಂಡೋಸ್ ಎಂಬುದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ರ‍್ಯಾಮ್ ಖಾಲಿ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಸಣ್ಣದೊಂದು ಪ್ರೋಗ್ರಾಮ್ ಇರುತ್ತದೆ. ಹಿಂದೆ ಅದು ಬಯಾಸ್, ಈಗಿನದು ಯುಇಎಫ್‌ಐ. ಅದು ಕೀಲಿಮಣೆ, ಪರದೆ, ಡಿಸ್ಕು ಎಲ್ಲವನ್ನೂ ಒಮ್ಮೆ ತಡವಿ ನೋಡಿ, ಆಮೇಲೆ ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡ ಒಂದು ವಿಳಾಸವನ್ನು ಓದುತ್ತದೆ: ಇಂಥ ಡಿಸ್ಕಿನ ಇಂಥ ಸಣ್ಣ ಪಾರ್ಟಿಷನ್ನಿನಲ್ಲಿ, ಅಂದರೆ ಪಾಲಿನಲ್ಲಿ, ಇಂಥ ಫೈಲು. ಆ ಫೈಲನ್ನು ಎತ್ತಿ ರ‍್ಯಾಮಿಗೆ ಹಾಕಿ ಚಾಲೂ ಮಾಡುತ್ತದೆ. ಅದರ ಹೆಸರು ವಿಂಡೋಸ್ ಬೂಟ್ ಮ್ಯಾನೇಜರ್. ಅದು ತನ್ನ ಪಕ್ಕದಲ್ಲೇ ಇರುವ ಬಿಸಿಡಿ ಎಂಬ ಪಟ್ಟಿಯನ್ನು ತೆರೆದು, ವಿಂಡೋಸ್ ಯಾವ ಪಾರ್ಟಿಷನ್ನಿನಲ್ಲಿದೆ ಎಂದು ತಿಳಿದುಕೊಂಡು, ಅಲ್ಲಿಂದ ಮುಂದಿನದನ್ನು ಎಬ್ಬಿಸುತ್ತದೆ. ಸಣ್ಣದು ತನಗಿಂತ ದೊಡ್ಡದನ್ನು, ಅದು ಇನ್ನೂ ದೊಡ್ಡದನ್ನು. ಇಂಗ್ಲಿಷಿನ ಬೂಟ್ ಎಂಬ ಪದ ಬಂದದ್ದೂ ಕಾಲಿಗೆ ಹಾಕುವ ಬೂಟಿನಿಂದಲೇ. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಮಾತಿತ್ತು, ಅದೇ ಮೊಟಕಾಯಿತು. ನನಗೆ ಮಾತ್ರ ನಮ್ಮ ಅಡುಗೆಮನೆಯೇ ನೆನಪಾಗುತ್ತದೆ. ಒಂದು ಪಾತ್ರೆ ತುಂಬ ಹಾಲಿಗೆ ನಾವು ಹಾಕುವುದು ಒಂದು ಚಮಚ ಹೆಪ್ಪು. ಆ ಚಮಚದ ಹೆಪ್ಪು ಇಲ್ಲದಿದ್ದರೆ ಎಷ್ಟು ಹೊತ್ತು ಮುಚ್ಚಿಟ್ಟರೂ ಅದು ಮೊಸರಾಗದು. ಕಾಕಾ ಅವರ ಹೊಸ ಡಿಸ್ಕಿನಲ್ಲಿ ಹಾಲಿತ್ತು, ಹೆಪ್ಪಿರಲಿಲ್ಲ.

ಈ ಹೆಪ್ಪು ಡಿಸ್ಕಿನಲ್ಲಿ ಎಲ್ಲಿರುತ್ತದೆ ಎಂಬುದಕ್ಕೆ ಎರಡು ಕಾಲದ ಎರಡು ಪದ್ಧತಿಗಳಿವೆ. ಹಳೆಯದು 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆಗೆ ಬಂದದ್ದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, ಬರೀ 512 ಬೈಟ್. ಅದಕ್ಕೆ ಎಂಬಿಆರ್ ಎಂದು ಹೆಸರು. ಅದರ ಮೊದಲ 446 ಬೈಟುಗಳು ಎಬ್ಬಿಸುವ ಪ್ರೋಗ್ರಾಮಿಗೆ, ಮುಂದಿನ 64 ಬೈಟುಗಳು ಡಿಸ್ಕನ್ನು ಹೇಗೆ ಪಾಲು ಮಾಡಿದೆ ಎಂಬ ಲೆಕ್ಕಕ್ಕೆ, ಕೊನೆಯ 2 ಬೈಟು ಗುರುತಿಗೆ. ಪಾಲು ನಾಲ್ಕೇ, ಒಂದೊಂದಕ್ಕೆ 16 ಬೈಟು. ಒಕ್ಕಲುತನದ ಮನೆಯವರಿಗೆ ಇದನ್ನು ಹೇಳುವುದು ಸುಲಭ: ಹೊಲದ ಪೋಡಿಯ ನಕ್ಷೆ ಮತ್ತು ಹೊಲಕ್ಕೆ ಹೋಗುವ ದಾರಿ ಎರಡೂ ಒಂದೇ ಚೀಟಿಯಲ್ಲಿದ್ದ ಹಾಗೆ. ಈ ಚೀಟಿಯಲ್ಲಿ ಸೆಕ್ಟರಿನ ಅಂಕಿ ಬರೆಯಲು ಬಿಟ್ಟ ಜಾಗ ಕಡಿಮೆ. ಹೀಗಾಗಿ ಸುಮಾರು 2.2 ಟಿಬಿ ದಾಟಿದ ಡಿಸ್ಕನ್ನು ಅದು ಪೂರ್ತಿ ಅಳೆಯಲಾರದು.

ಹೊಸ ಪದ್ಧತಿಯ ನಕ್ಷೆ ಜಿಪಿಟಿ. ಅದರಲ್ಲಿ 128 ಪಾಲುಗಳಿಗೆ ಜಾಗವಿದೆ, ಮತ್ತು ನನಗೆ ಬಹಳ ಮೆಚ್ಚುಗೆಯಾದ ಒಂದು ಜಾಣತನವಿದೆ: ನಕ್ಷೆಯ ಒಂದು ಪ್ರತಿ ಡಿಸ್ಕಿನ ಮೊದಲಿಗೆ, ಇನ್ನೊಂದು ಪ್ರತಿ ಡಿಸ್ಕಿನ ತುತ್ತತುದಿಗೆ. ಮುಂದಿನದು ಕೆಟ್ಟರೆ ಹಿಂದಿನದರಿಂದ ಮತ್ತೆ ಬರೆದುಕೊಳ್ಳಬಹುದು. ಎಬ್ಬಿಸುವ ಫೈಲುಗಳಿಗೆ ಈ ಪದ್ಧತಿಯಲ್ಲಿ ಪ್ರತ್ಯೇಕ ಕೋಣೆಯೇ ಇದೆ. ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂದು ಅದರ ಹೆಸರು. ವಿಂಡೋಸ್ 10 ಅಥವಾ 11ನ್ನು ಹಾಕುವಾಗ ಅದು ಸಾಮಾನ್ಯವಾಗಿ 100 ಎಂಬಿ ಅಳತೆಯಲ್ಲಿ ತಾನಾಗಿಯೇ ಆಗುತ್ತದೆ. ಸಿ ಡ್ರೈವ್ ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿದ್ದರೆ ಈ ಕೋಣೆ ಎಫ್‌ಎಟಿ32 ಎಂಬ ಹಳೆಯ, ಸರಳ ಕ್ರಮದಲ್ಲಿರುತ್ತದೆ. ಕಾರಣವಿದೆ. ಮದರ್‌ಬೋರ್ಡಿನ ಆ ಸಣ್ಣ ಪ್ರೋಗ್ರಾಮಿಗೆ ಓದಲು ಬರಲೇಬೇಕಾದದ್ದು ಅದೊಂದೇ.

ಈ ಕೋಣೆಗೆ ಡ್ರೈವ್ ಅಕ್ಷರ ಇರುವುದಿಲ್ಲ. ಸಿ, ಡಿ ಎಂದು ಕಾಣುವ ಜಾಗದಲ್ಲಿ ಅದು ಕಾಣಿಸುವುದೇ ಇಲ್ಲ. ಯಾರೂ ತಿಳಿಯದೆ ಅಳಿಸದಿರಲಿ ಎಂದು ಹಾಗೆ ಮರೆಮಾಡಿದ್ದಾರೆ. ನೋಡಬೇಕಾದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ನಿಮ್ಮ ಡಿಸ್ಕು ಒಂದು ಉದ್ದ ಪಟ್ಟಿಯ ಹಾಗೆ ಕಾಣುತ್ತದೆ. ಎಡತುದಿಯಲ್ಲಿ ಸಾಮಾನ್ಯವಾಗಿ 100 ಎಂಬಿಯ ಒಂದು ಸಣ್ಣ ಚೌಕ, ಅದರ ಬಲಕ್ಕೆ ಸಿ, ಆಮೇಲೆ ರಿಪೇರಿಯ ಸಲಕರಣೆಗಳಿರುವ ರಿಕವರಿ ಎಂಬ ಇನ್ನೊಂದು ಚೌಕ. 16 ಎಂಬಿಯ ಮತ್ತೊಂದು ಪಾಲು ಇರುತ್ತದೆ, ಅದು ಈ ಚಿತ್ರದಲ್ಲೂ ಕಾಣದು. ಇಲ್ಲೊಂದು ಎಚ್ಚರದ ಮಾತು. ಆ 100 ಎಂಬಿ ಚೌಕದ ಮೇಲೆ ಸಿಸ್ಟಂ ಎಂದು ಬರೆದಿರುತ್ತದೆ, ಸಿ ಚೌಕದ ಮೇಲೆ ಬೂಟ್ ಎಂದು ಬರೆದಿರುತ್ತದೆ. ತಿರುವುಮುರುವಾಗಿದೆ ಅನ್ನಿಸುತ್ತದೆ, ಆದರೆ ಮೈಕ್ರೋಸಾಫ್ಟಿನ ಹಳೆಯ ರೂಢಿಯೇ ಅದು: ಬೂಟ್ ಫೈಲುಗಳು ಇರುವುದಕ್ಕೆ ಸಿಸ್ಟಂ ಎಂದೂ ವಿಂಡೋಸ್ ಇರುವುದಕ್ಕೆ ಬೂಟ್ ಎಂದೂ ಕರೆಯುತ್ತಾರೆ. ಬೂಟ್ ಎಂದು ಬರೆದ ಸಿ ಡ್ರೈವನ್ನು ಕಾಪಿ ಮಾಡಿದೆನಲ್ಲ, ಇನ್ನೇನು ಬೇಕು ಎಂದುಕೊಂಡು ಮೋಸಹೋದವರು ಎಷ್ಟೋ ಜನ.

ಈಗ ಪ್ರೆಸ್ಸಿಗೆ ಮರಳೋಣ. ನಾನು ಆ ಚೌಕವನ್ನು ಯಾಕೆ ಬಿಟ್ಟೆ? ಹಳೆಯ ಡಿಸ್ಕು 500 ಜಿಬಿ, ನಾನು ತಂದದ್ದು 480 ಜಿಬಿ. ವಿಂಡೋಸ್ ತನ್ನ ಲೆಕ್ಕದಲ್ಲಿ ಅವನ್ನು 465, 447 ಎಂದು ತೋರಿಸುತ್ತದೆ. ಒಳಗಿನ ಮಾಲು ಇನ್ನೂರು ಜಿಬಿಯೂ ಇರಲಿಲ್ಲ. ಆದರೂ ಇಡೀ ಡಿಸ್ಕನ್ನು ಕ್ಲೋನ್ ಮಾಡಲು ಹೋದರೆ ಪ್ರೋಗ್ರಾಮ್ ಒಪ್ಪಲಿಲ್ಲ, ಗುರಿಯ ಡಿಸ್ಕು ಮೂಲಕ್ಕಿಂತ ಚಿಕ್ಕದು ಎಂದಿತು. ಹಳೆಯದರಲ್ಲೇ ಡಿ ಡ್ರೈವನ್ನು ಕುಗ್ಗಿಸಿ, ಜಾಗ ಮಾಡಿ, ಪಾಲುಗಳನ್ನೆಲ್ಲ ಕೂಡಿಸಿ ಒಯ್ಯಬೇಕಿತ್ತು. ನಾನು ಅವಸರದಲ್ಲಿ ಸಿ ಮತ್ತು ಡಿ ಎರಡನ್ನು ಮಾತ್ರ ಆರಿಸಿ ಕಾಪಿ ಮಾಡಿದೆ. ಹೆಸರಿಲ್ಲದ ಸಣ್ಣ ಚೌಕಗಳು ಯಾವುದೋ ಉಳಿಕೆ ಜಾಗ ಎಂದುಕೊಂಡೆ. ತಪ್ಪು ನನ್ನದೇ. ಲಗ್ನದ ಹಂಗಾಮಿನ ನಟ್ಟನಡುವೆ ಒಬ್ಬ ಹಿರಿಯರ ಅಂಗಡಿ ಒಂದು ದಿನ ನಿಂತಿತು.

ಹಾಗಾದರೆ ಅವತ್ತು ಸಂಜೆ ಎಲ್ಲ ಸರಿಯಾಗಿ ನಡೆದದ್ದು ಹೇಗೆ? ಇದನ್ನು ನೀವು ಗಮನವಿಟ್ಟು ಕೇಳಬೇಕು. ಸಂಜೆ ಎರಡೂ ಡಿಸ್ಕುಗಳು ಕಂಪ್ಯೂಟರಿಗೆ ಜೋಡಿಸಿಯೇ ಇದ್ದವು. ಮದರ್‌ಬೋರ್ಡು ಹಳೆಯ ವಿಳಾಸದಂತೆ ಹಳೆಯ ಡಿಸ್ಕಿನ ಸಣ್ಣ ಚೌಕಕ್ಕೆ ಹೋಯಿತು, ಅದು ಹಳೆಯ ಸಿ ಡ್ರೈವಿನ ವಿಂಡೋಸನ್ನು ಎಬ್ಬಿಸಿತು. ಎರಡೂ ಕಡೆ ಅದೇ ಗಣಪತಿ, ಅವೇ ಫೈಲುಗಳು; ನಾವು ನೋಡಿದ್ದು ಹೊಸದನ್ನೇ ಎಂದು ನಂಬಿದೆವು. ಹಾರ್ಡ್ ಡಿಸ್ಕು ಎಂದಿನಂತೆಯೇ ನಿಧಾನವಾಗಿತ್ತು ಎಂಬುದು ಹುಡುಗರಿಗೆ ಗೊತ್ತಾಗಿತ್ತಂತೆ, ಹೊಸದು ಸ್ವಲ್ಪ ದಿನ ಹಾಗೆಯೇ ಇರುತ್ತದೇನೋ ಎಂದು ಸುಮ್ಮನಿದ್ದರು. ಇದರ ಇನ್ನೊಂದು ಪರಿಣಾಮ ನಮಗೆ ಎರಡು ದಿನದ ಮೇಲೆ ತಿಳಿಯಿತು. ಸಂಜೆ ಮುಗಿಸಿದ ಆ ಎರಡು ಲಗ್ನಪತ್ರಿಕೆಗಳು ಹೊಸ ಡಿಸ್ಕಿನಲ್ಲಿ ಇರಲೇ ಇಲ್ಲ. ಅವು ಕೂತದ್ದು ಹಳೆಯದರಲ್ಲಿ, ಕಾಗದ ಸುತ್ತಿಕೊಂಡು ಅಲ್ಮೇರಾದಲ್ಲಿ.

ಆದ್ದರಿಂದ ಕ್ಲೋನ್ ಮುಗಿದ ಮೇಲೆ ಕಂಪ್ಯೂಟರನ್ನು ಪೂರ್ತಿ ಬಂದ್ ಮಾಡಿ, ಹಳೆಯ ಡಿಸ್ಕಿನ ಕೇಬಲ್ ಬಿಚ್ಚಿ, ಹೊಸದು ಒಂದೇ ಇರುವಾಗ ಮೊದಲ ಸಲ ಚಾಲೂ ಮಾಡಬೇಕು. ಪಕ್ಕದಲ್ಲಿ ಹಳೆಯದು ಇದ್ದಷ್ಟು ಹೊತ್ತು ಪರೀಕ್ಷೆ ನಡೆದದ್ದು ಯಾವುದರ ಮೇಲೆ ಎಂದು ಹೇಳಲಾಗದು.

ಎರಡನ್ನೂ ಒಟ್ಟಿಗೆ ಇಡಬಾರದೆನ್ನಲು ಬೇರೊಂದು ಕಾರಣವೂ ಇದೆ. ಪ್ರತಿ ಡಿಸ್ಕಿಗೆ, ಪ್ರತಿ ಪಾರ್ಟಿಷನ್ನಿಗೆ ಒಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಸೆಕ್ಟರಿಗೆ ಸೆಕ್ಟರ್ ನಕಲು ಮಾಡಿದಾಗ ಆ ಸಂಖ್ಯೆಯೂ ನಕಲಾಗುತ್ತದೆ. ಒಂದೇ ಊರಿನಲ್ಲಿ ಒಂದೇ ಸರ್ವೆ ನಂಬರಿನ ಎರಡು ಹೊಲ ಇದ್ದರೆ ತಲಾಠಿ ಏನು ಮಾಡಬೇಕು? ವಿಂಡೋಸ್ ಅಂಥ ಹೊತ್ತಿನಲ್ಲಿ ಎರಡನೆಯ ಡಿಸ್ಕನ್ನು ಆಫ್‌ಲೈನ್ ಎಂದು ಪಕ್ಕಕ್ಕಿಡುತ್ತದೆ. ಇಲ್ಲವೇ ಅದಕ್ಕೆ ಬೇರೆ ಸಂಖ್ಯೆ ಕೊಟ್ಟುಬಿಟ್ಟರೆ, ಹಳೆಯ ಸಂಖ್ಯೆಯನ್ನೇ ಹುಡುಕುವ ಬಿಸಿಡಿ ಪಟ್ಟಿಗೆ ತನ್ನ ವಿಂಡೋಸ್ ಸಿಗದೆ ಹೋಗುತ್ತದೆ. ಲಿನಕ್ಸಿನಲ್ಲೂ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿ ಈ ಗುರುತಿನ ಸಂಖ್ಯೆಗಳೇ ಬರೆದಿರುತ್ತವೆ. ಅದರಲ್ಲೂ ಬಿಟಿಆರ್‌ಎಫ್‌ಎಸ್ ಕ್ರಮದ ಪಾರ್ಟಿಷನ್ ಇದ್ದರೆ ಒಂದೇ ಸಂಖ್ಯೆಯ ಎರಡನ್ನು ಒಟ್ಟಿಗೆ ಜೋಡಿಸಿ ತೆರೆಯಲೇಬಾರದು, ಮಾಹಿತಿ ಕೆಡುವ ಅಪಾಯವಿದೆ.

ಪ್ರೆಸ್ಸಿನ ಕಂಪ್ಯೂಟರನ್ನು ನಾವು ಎಬ್ಬಿಸಿದ ಬಗೆಯನ್ನು ಹೇಳುತ್ತೇನೆ, ನಿಮಗೂ ಬೇಕಾದೀತು. ವಿಂಡೋಸ್ ತನ್ನ ಬೂಟ್ ಫೈಲುಗಳ ಒಂದು ಮೂಲಪ್ರತಿಯನ್ನು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಬೂಟ್ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಅಂದರೆ ಹೊಸ ಹೆಪ್ಪು ಹಾಕಲು ಸಾಮಗ್ರಿ ಮನೆಯಲ್ಲೇ ಇದೆ. 8 ಜಿಬಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಹಾಕುವ ಪ್ರತಿಯನ್ನು ಮಾಡಿಕೊಂಡು, ಅದರಿಂದ ಕಂಪ್ಯೂಟರು ಎಬ್ಬಿಸಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಮಾಂಡ್ ಕಿಟಕಿ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯಿಂದ ಡಿ ಡ್ರೈವನ್ನು 300 ಎಂಬಿ ಕುಗ್ಗಿಸಿದೆವು. ಬಿಡುವಾದ ಜಾಗದಲ್ಲಿ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಮಾಡಿ, ಎಫ್‌ಎಟಿ32 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿ, ಅದಕ್ಕೆ ತಾತ್ಕಾಲಿಕವಾಗಿ ಎಸ್ ಎಂಬ ಅಕ್ಷರ ಕೊಟ್ಟೆವು. ಆಮೇಲೆ ಬಿಸಿಡಿಬೂಟ್ ಎಂಬ ಕಮಾಂಡಿಗೆ ವಿಂಡೋಸ್ ಇರುವುದು ಇಲ್ಲಿ, ಬೂಟ್ ಫೈಲು ಬರೆಯಬೇಕಾದದ್ದು ಎಸ್‌ನಲ್ಲಿ, ಪದ್ಧತಿ ಯುಇಎಫ್‌ಐ ಎಂದು ತಿಳಿಸಿದೆವು. ಅದು ಫೈಲುಗಳನ್ನು ಇಳಿಸಿ, ಹೊಸ ಬಿಸಿಡಿ ಪಟ್ಟಿ ಬರೆದು, ಮದರ್‌ಬೋರ್ಡಿನ ನೆನಪಿನಲ್ಲಿ ಹೊಸ ವಿಳಾಸವನ್ನೂ ದಾಖಲಿಸಿತು. ಕೆಲಸ ಹತ್ತು ನಿಮಿಷದ್ದು. ಅದಕ್ಕೆ ಮುಂಚೆ ಕಾರಣ ಹುಡುಕಲು ಅರ್ಧ ದಿನ ಹೋಗಿತ್ತು. ಎರಡು ಸೂಕ್ಷ್ಮಗಳಿವೆ. ಪೆನ್‌ಡ್ರೈವಿನಿಂದ ಎಬ್ಬಿಸಿದಾಗ ಡ್ರೈವ್ ಅಕ್ಷರಗಳು ಅದಲುಬದಲಾಗುತ್ತವೆ, ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಒಳಗಿನ ಫೋಲ್ಡರು ನೋಡಿಯೇ ಮುಂದುವರಿಯಬೇಕು. ಪೆನ್‌ಡ್ರೈವನ್ನು ಯುಇಎಫ್‌ಐ ಪದ್ಧತಿಯಲ್ಲೇ ಎಬ್ಬಿಸಬೇಕು, ಹಳೆಯ ಬಯಾಸ್ ಪದ್ಧತಿಯಲ್ಲಿ ಎಬ್ಬಿಸಿದರೆ ಮದರ್‌ಬೋರ್ಡಿನ ವಿಳಾಸ ಬರೆಯಲಾಗದು.

ಆ ವಿಳಾಸದ ಬಗ್ಗೆ ಇನ್ನೊಂದು ಮಾತು. ಅದು ಡಿಸ್ಕಿನಲ್ಲಿಲ್ಲ, ಮದರ್‌ಬೋರ್ಡಿನಲ್ಲಿದೆ. ಅಂದಮೇಲೆ ಡಿಸ್ಕನ್ನು ಎಷ್ಟೇ ನಿಷ್ಠೆಯಿಂದ ನಕಲು ಮಾಡಿದರೂ ವಿಳಾಸ ಅದರೊಂದಿಗೆ ಬರುವುದಿಲ್ಲ. ಕೆಲವು ಮದರ್‌ಬೋರ್ಡುಗಳು ಹಳೆಯ ಡಿಸ್ಕು ಕಾಣದಾದ ಕೂಡಲೇ ಅದರ ವಿಳಾಸವನ್ನು ಅಳಿಸಿಯೂ ಹಾಕುತ್ತವೆ. ಹೀಗಾದಾಗ ಮದರ್‌ಬೋರ್ಡು ಇಎಫ್‌ಐ ಕೋಣೆಯಲ್ಲಿ ಬೂಟ್ ಎಂಬ ಫೋಲ್ಡರಿನ ಬೂಟ್‌ಎಕ್ಸ್64 ಎಂಬ ಫೈಲನ್ನು ಹುಡುಕಬೇಕು ಎಂಬ ನಿಯಮವಿದೆ. ವಿಳಾಸ ಕಳೆದರೂ ಆ ಫೈಲಿನಿಂದ ಕೆಲಸ ಸಾಗುತ್ತದೆ. ಅದು ಇರುವುದೂ ಅದೇ 100 ಎಂಬಿಯಲ್ಲಿ.

ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಬಳಸುವವರು ಡಿಸ್ಕಿಗೆ ಕೈ ಹಾಕುವ ಮುಂಚೆಯೇ ತಮ್ಮ 48 ಅಂಕಿಯ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದಾಗ, ಇದು ತಾನಾಗಿಯೇ ಚಾಲೂ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಡಿಸ್ಕು ಬದಲಾದದ್ದನ್ನು ಕಂಡು ಕಂಪ್ಯೂಟರು ಆ ಕೀಲಿ ಕೇಳಿದಾಗ ಕೊಡಲಾಗದಿದ್ದರೆ ನಕಲೂ ತೆರೆಯದು. ಕ್ಲೋನ್ ಮಾಡುವ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ, ಹೊಸ ಡಿಸ್ಕಿನಲ್ಲಿ ಮತ್ತೆ ಚಾಲೂ ಮಾಡುವುದು ಕ್ಷೇಮ.

ನಾನೀಗ ಈ ಕೆಲಸಕ್ಕೆ ಬಳಸುವುದು ಕ್ಲೋನ್‌ಜಿಲ್ಲಾ. ತೈವಾನಿನ ಒಂದು ರಾಷ್ಟ್ರೀಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡದ್ದು, ಮುಕ್ತವಾಗಿ, ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವಿನಿಂದಲೇ ನಡೆಯುವುದರಿಂದ ಡಿಸ್ಕಿನ ಮೇಲಿನ ವಿಂಡೋಸ್ ಆಗ ನಿದ್ದೆಯಲ್ಲಿರುತ್ತದೆ, ನಕಲು ನಡೆಯುವಾಗ ಫೈಲುಗಳು ಕದಲುವುದಿಲ್ಲ. ಅದರಲ್ಲಿ ಇಡೀ ಡಿಸ್ಕು ಎಂಬ ಆಯ್ಕೆಯೂ ಇದೆ, ಬಿಡಿ ಪಾರ್ಟಿಷನ್ ಎಂಬ ಆಯ್ಕೆಯೂ ಇದೆ. ಇಡೀ ಡಿಸ್ಕು ಆರಿಸಿದರೆ ನಕ್ಷೆ, ಬೂಟ್ ಕೋಣೆ, ರಿಕವರಿ ಎಲ್ಲವೂ ಜೊತೆಗೆ ಬರುತ್ತವೆ, ತುಂಬಿದ ಜಾಗವನ್ನಷ್ಟೇ ಓದುವುದರಿಂದ ಹೊತ್ತೂ ಉಳಿಯುತ್ತದೆ. ಗುರಿಯ ಡಿಸ್ಕು ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ನೂರಿನ್ನೂರು ರೂಪಾಯಿ ಉಳಿಸಲು 500ರ ಬದಲು 480 ತರುವ ಕೆಲಸ ನಾನು ಮತ್ತೆ ಮಾಡಿಲ್ಲ.

ಮೂಲ ಯಾವುದು, ಗುರಿ ಯಾವುದು ಎಂದು ಪ್ರೋಗ್ರಾಮ್ ಕೇಳಿದಾಗ ಒಂದು ನಿಮಿಷ ಕೈ ತಡೆಯಿರಿ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದುಬಿಟ್ಟರೆ ಮುಂದೆ ಮಾತೇ ಇಲ್ಲ. ನಾನು ಎರಡೂ ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಮಾದರಿಯ ಹೆಸರು, ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಮುಂಚೆಯೇ ಬರೆದುಕೊಂಡಿರುತ್ತೇನೆ, ಪರದೆಯ ಮೇಲಿನದರೊಂದಿಗೆ ತಾಳೆ ನೋಡಿಯೇ ಒಪ್ಪಿಗೆ ಕೊಡುತ್ತೇನೆ. ಡಿಸ್ಕು ತೀರ ಸೋತು ಟಿಕ್ ಟಿಕ್ ಎನ್ನುತ್ತಿದ್ದರೆ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಒಳ್ಳೆಯದು. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿಕೊಂಡು, ಕೆಟ್ಟ ಸೆಕ್ಟರುಗಳಿಗೆ ಆಮೇಲೆ ಹಿಂದಿರುಗುತ್ತದೆ.

ಡಿಸ್ಕು ದೊಡ್ಡದಾದಾಗ ಬರುವ ತೊಡಕು ಬೇರೆ. ಹೊಸ ಡಿಸ್ಕಿನ ಬಲತುದಿಯಲ್ಲಿ ನೂರಾರು ಜಿಬಿ ಖಾಲಿ ಕಾಣುತ್ತದೆ, ಸಿ ಡ್ರೈವನ್ನು ಹಿಗ್ಗಿಸಲು ಹೋದರೆ ನಡುವೆ ರಿಕವರಿ ಪಾಲು ಅಡ್ಡ ನಿಂತಿರುತ್ತದೆ. ಸಿಟ್ಟಿನಿಂದ ಅದನ್ನು ಅಳಿಸುವವರಿದ್ದಾರೆ. ಜಿಪಾರ್ಟೆಡ್ ಎಂಬ ಉಚಿತ ಪ್ರೋಗ್ರಾಮಿನಿಂದ ಅದನ್ನು ಬಲಕ್ಕೆ ಸರಿಸಬಹುದು, ಅಳಿಸುವ ಅಗತ್ಯವಿಲ್ಲ. ಈ ರಿಕವರಿ ಪಾಲೂ ಲೆಕ್ಕಕ್ಕೆ ಬರುತ್ತದೆ ಎಂದು 2024ರ ಜನವರಿಯಲ್ಲಿ ಬಹಳ ಜನಕ್ಕೆ ಗೊತ್ತಾಯಿತು. ಆ ತಿಂಗಳ ವಿಂಡೋಸ್ 10ರ ಒಂದು ಅಪ್‌ಡೇಟಿಗೆ ಅಲ್ಲಿ 250 ಎಂಬಿ ಬಿಡುವು ಬೇಕಿತ್ತು, ಜಾಗವಿಲ್ಲದ ಕಂಪ್ಯೂಟರುಗಳಲ್ಲಿ ಅಪ್‌ಡೇಟು ಮತ್ತೆ ಮತ್ತೆ ಸೋಲುತ್ತಿತ್ತು. ಇನ್ನು ಸೆಕ್ಟರಿಗೆ ಸೆಕ್ಟರ್ ನಕಲು ಮಾಡಿದಾಗ ಜಿಪಿಟಿ ನಕ್ಷೆಯ ಎರಡನೆಯ ಪ್ರತಿ ಹಳೆಯ ಅಳತೆಯ ಜಾಗದಲ್ಲೇ, ಅಂದರೆ ಹೊಸ ಡಿಸ್ಕಿನ ನಡುವೆ ಎಲ್ಲೋ ಕೂತಿರುತ್ತದೆ. ಅದನ್ನು ತುದಿಗೆ ಒಯ್ಯಲೇ ಎಂದು ಜಿಪಾರ್ಟೆಡ್ ಕೇಳುತ್ತದೆ. ಹೂಂ ಅನ್ನಿ.

ಕ್ಲೋನ್ ಮಾಡುವ ಪ್ರಸಂಗ ಬಾರದಿದ್ದರೂ ಬೂಟ್ ಪಾರ್ಟಿಷನ್ನಿನ ಪ್ರತಿಯೊಂದನ್ನು ಬೇರೆಯಾಗಿ ತೆಗೆದಿಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಡಿಸ್ಕು ಪೂರ್ತಿ ಸಾಯದೆ ಈ ಭಾಗ ಮಾತ್ರ ಕೆಟ್ಟಾಗ ಅದು ಉಪಯೋಗಕ್ಕೆ ಬರುತ್ತದೆ. ಕ್ಲೋನ್‌ಜಿಲ್ಲಾದಲ್ಲಿ ಆ ಒಂದು ಚೌಕವನ್ನು ಆರಿಸಿ ಇಮೇಜ್ ಮಾಡಿಟ್ಟರೆ ಎರಡು ನಿಮಿಷದ ಕೆಲಸ. ಪಾರ್ಟಿಷನ್ನುಗಳ ನಕ್ಷೆಯನ್ನು ಎಸ್‌ಜಿಡಿಸ್ಕ್ ಎಂಬ ಲಿನಕ್ಸ್ ಕಮಾಂಡಿನಿಂದ ತೆಗೆದಿಟ್ಟರೆ ಅದು ಕೆಲವೇ ಕೆಬಿ ಆಗುತ್ತದೆ. ಎರಡನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಅದರ ಮೇಲೆ ಯಾವ ಕಂಪ್ಯೂಟರಿನದು, ಯಾವ ತಾರೀಖಿನದು ಎಂದು ಬರೆದಿಡಿ. ಲಿನಕ್ಸ್ ಬಳಸುವ ಶಾಲೆ, ಕಾಲೇಜುಗಳ ಲ್ಯಾಬಿನವರು ಬೂಟ್ ಎಂಬ ಪಾರ್ಟಿಷನ್ ಬೇರೆ ಇದ್ದರೆ ಅದನ್ನೂ ಸೇರಿಸಿಕೊಳ್ಳಿ. ಲಿನಕ್ಸಿನ ಕರ್ನಲ್ ಇರುವುದೇ ಅಲ್ಲಿ. ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಮ್ ಕೆಟ್ಟರೆ ಲೈವ್ ಪೆನ್‌ಡ್ರೈವಿನಿಂದ ಎದ್ದು ಮತ್ತೆ ಹಾಕಬಹುದು.

ಹಳೆಯ ಎಂಬಿಆರ್ ಪದ್ಧತಿಯ ಕಂಪ್ಯೂಟರು ಇನ್ನೂ ಇಟ್ಟುಕೊಂಡವರಿಗೆ ಒಂದು ಎಚ್ಚರ. ಮೊದಲ ಸೆಕ್ಟರಿನ 512 ಬೈಟುಗಳನ್ನು ತೆಗೆದಿಟ್ಟು, ಒಂದು ವರ್ಷದ ಮೇಲೆ ಬೂಟ್ ಕೆಟ್ಟಿತೆಂದು ಅಷ್ಟನ್ನೂ ಮರಳಿ ಬರೆದರೆ, ನಡುವೆ ನೀವು ಡ್ರೈವುಗಳ ಅಳತೆ ಬದಲಿಸಿದ್ದ ಪಕ್ಷದಲ್ಲಿ ಹಳೆಯ ನಕ್ಷೆ ಬಂದು ಕೂತು ಡ್ರೈವುಗಳೇ ಕಾಣದಾಗುತ್ತವೆ. ಎಬ್ಬಿಸುವ ಪ್ರೋಗ್ರಾಮ್ ಮಾತ್ರ ಬೇಕಿದ್ದರೆ ಮೊದಲ 446 ಬೈಟುಗಳನ್ನಷ್ಟೇ ಬರೆಯಬೇಕು.

ಹೊಸ ಡಿಸ್ಕು ಒಂದೇ ಇರುವಾಗ ಕಂಪ್ಯೂಟರು ಎದ್ದಿತು ಎಂದಾದ ಮೇಲೂ ಹಳೆಯದನ್ನು ಅಳಿಸುವ ಅವಸರ ಬೇಡ. ಒಂದು ತಿಂಗಳು ಇರಲಿ. ತಿಂಗಳಿಗೊಮ್ಮೆ ಬಳಸುವ ಪ್ರೋಗ್ರಾಮ್, ವರ್ಷಕ್ಕೊಮ್ಮೆ ತೆರೆಯುವ ಜಾತ್ರೆಯ ಪತ್ರಿಕೆಯ ನಮೂನೆ, ಇಂಥವು ಸರಿಯಾಗಿ ಬಂದಿವೆಯೇ ಎಂದು ಒಂದೊಂದಾಗಿ ತೆರೆದು ನೋಡಲು ಅಷ್ಟು ದಿನ ಬೇಕು.

ಕಾಕಾ ಅವರ ಎರಡನೆಯ ಫೋನ್ ಬಂದ ದಿನ ಸಂಜೆ ಐದರ ಹೊತ್ತಿಗೆ ಪ್ರೆಸ್ಸಿನ ಕಂಪ್ಯೂಟರು ಎದ್ದಿತು. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ಗಣಪತಿ ಕಂಡಾಗ ಇದು ನಿಜವಾಗಿ ಹೊಸ ಡಿಸ್ಕೇ ಎಂದು ಹುಡುಗರಿಗೆ ಕೇಳದೆಯೇ ಗೊತ್ತಾಯಿತು. ಎರಡು ದಿನದ ಮೇಲೆ ಕಾಣೆಯಾದ ಲಗ್ನಪತ್ರಿಕೆಗಳನ್ನು ಹಳೆಯ ಡಿಸ್ಕಿನಿಂದ ತೆಗೆದುಕೊಳ್ಳಲು ಮತ್ತೆ ಹೋದೆ. ಅದನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ, ಎದ್ದ ಕಂಪ್ಯೂಟರಿಗೆ ಆಮೇಲೆ ಜೋಡಿಸಿ, ಎರಡು ಫೈಲು ತೆಗೆದುಕೊಂಡು ಬಿಚ್ಚಿದೆ. ಕಾಕಾ ಅದನ್ನು ಕೈಗೆ ತೆಗೆದುಕೊಂಡು, "ಇದನ್ನ ಎಂದ ಅಳಸೂಣು?" ಎಂದರು. "ಲಗ್ನದ ಹಂಗಾಮ ಮುಗೀಲಿ ಕಾಕಾ" ಎಂದೆ. ಅವರು ಹಳೆಯ ಪ್ರೂಫ್ ಹಾಳೆಯ ಒಂದು ಚೂರು ಹರಿದು, ಅವತ್ತಿನ ತಾರೀಖು ಬರೆದು, ಡಿಸ್ಕಿಗೆ ಅಂಟಿಸಿ ಅಲ್ಮೇರಾದ ಮೇಲಿನ ಖಾನೆಯಲ್ಲಿಟ್ಟರು.